ಹೊರಗಿನ ಗೋಲಿಗೆ ಜಾಸ್ತಿ ತೂಕ ಯಾಕ್ರಿ? ಎರಡು ಲೆಗ್ ಮ್ಯಾಚಿನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಬೆಳಗಾವ್ಯಾಗ ಫುಟ್‌ಬಾಲ್ ನೋಡೋ ಮಂದಿ ಕಡಿಮಿ ಏನಿಲ್ರಿ. ಕ್ಯಾಂಪಿನ ಕಡೆ ಹೋಗ್ರಿ, ಟಿಳಕವಾಡಿ ಲೇಲೆ ಮೈದಾನದ ಕಡೆ ಹೋಗ್ರಿ, ಸಂಜಿ ಆತಂದ್ರ ಬಾಲ್ ಉರುಳ್ತಿರ್ತೈತಿ, ಆಟ ಮುಗದ ಮ್ಯಾಲ ಚಹಾದ ಅಂಗಡಿ ಮುಂದ ನಿಂತು ಜಗಳಾಡೋ ವಿಷಯಾನೂ ರೆಡಿ ಇರ್ತೈತಿ. ಅದ್ರಾಗ ಅವೇ ಗೋಲ್ ಅನ್ನೋದು ಮುಗೀಲಾರದ ಜಗಳ. ಯುರೋಪಿನ್ಯಾಗ ಆ ರೂಲ್ ತಗದು ಇಷ್ಟು ವರ್ಷ ಆದ್ರೂ ಇನ್ನೂ ಅದನ್ನ ಕೇಳ್ತಾರ, ಹೇಳಿ ಹೇಳಿ ಬಾಯಿ ನೋಯ್ತು, ಅದಕ್ಕ ಒಮ್ಮೆ ಬರದು ಇಟ್ಟಬಿಡೋಣ ಅಂತ ಕುಂತೀನಿ.

ಮೊದ್ಲ ಇದೇನು ಹೇಳ್ರಿ, ಅವೇ ಗೋಲ್ ಅಂದ್ರ?

ಎರಡು ಟೀಮು ಎರಡು ಮ್ಯಾಚ್ ಆಡ್ತಾವ, ಒಂದು ನಿಮ್ಮ ಊರಾಗ ಒಂದು ನಮ್ಮ ಊರಾಗ, ಒಂದೊಂದು ಮ್ಯಾಚಿಗೆ ಲೆಗ್ ಅಂತಾರ. ಎರಡರ ಗೋಲು ಕೂಡಸ್ತಾರ, ಅದ ಅಗ್ರಿಗೇಟ್. ಕೂಡಿಸಿದ ಮ್ಯಾಲೂ ಸಮ ಆತು ಅಂದ್ರ, ಎದುರಿನವರ ಊರಾಗ ಯಾರು ಜಾಸ್ತಿ ಗೋಲು ಹೊಡದಾರ ಅಂತ ನೋಡಿ ಅವ್ರನ್ನ ಮುಂದ ಕಳಸ್ತಿದ್ರು.

ಬೆಳಗಾವಿ ಮತ್ತ ವಿಜಯಪುರ ಆಡ್ತಾವ ಅನ್ಕೋರಿ. ಇಲ್ಲಿ ನಾವು 1-0 ಗೆದ್ವಿ, ಅಲ್ಲಿ ಹೋಗಿ 1-2 ಸೋತ್ವಿ. ಕೂಡಿಸಿದ್ರ 2-2. ನಾವು ವಿಜಯಪುರದಾಗ ಒಂದು ಹೊಡದೀವಿ, ಅವ್ರು ಬೆಳಗಾವ್ಯಾಗ ಒಂದೂ ಹೊಡದಿಲ್ಲ. ಹಳೇ ರೂಲ್ ಪ್ರಕಾರ ನಾವು ಪಾಸ್. ಈಗಿನ ರೂಲ್ ಪ್ರಕಾರ ಎಕ್ಸ್‌ಟ್ರಾ ಟೈಮ್ ಅಂತ ಇನ್ನೂ ಅರ್ಧ ತಾಸು ಓಡಬೇಕು, ಅಲ್ಲೂ ಮುಗೀಲಿಲ್ಲ ಅಂದ್ರ ಪೆನಾಲ್ಟಿ.

ಅಂದ್ರ ಹೊರಗ ಹೊಡದ ಗೋಲು ಡಬಲ್ ಅಂತ ಲೆಕ್ಕ ಹೌದಿಲ್ರಿ?

ಅಲ್ರಿ! ಟಿವ್ಯಾಗ ಕಾಮೆಂಟರಿಯವ್ರು ಹಂಗ ಹೇಳಿ ಹೇಳಿ ಮಂದಿ ತಲಿ ಕೆಡಿಸ್ಯಾರ, ಇಲಿ ಹೋತು ಅಂದ್ರ ಹುಲಿ ಹೋತು ಅಂದಂಗ ಆಗೈತಿ. ಗೋಲು ಯಾವತ್ತೂ ಒಂದ. ನಾವು ಮನ್ಯಾಗ 3-2 ಗೆದ್ದು ಹೊರಗ 0-0 ಮಾಡಿಕೊಂಡ್ವಿ ಅಂದ್ರ ನಾವ ಮುಂದ, ಅವ್ರ ಎರಡು ಗೋಲಿಗೆ ನಾಕು ಅಂತ ಯಾರೂ ಬರಕೊಳ್ಳಂಗಿಲ್ಲ. ಅಗ್ರಿಗೇಟ್ ಬರೋಬ್ಬರಿ ಸಮ ಆದಾಗ ಮಾತ್ರ ಹೊರಗಿನ ಗೋಲಿನ ಮಾತು ಬರ್ತಿತ್ತು. ಇಷ್ಟ ತಿಳ್ಕೊಂಡ್ರ ಅರ್ಧ ಜಗಳ ಇಲ್ಲೇ ಮುಗೀತೈತಿ.

ಇಂಥಾ ವಿಚಿತ್ರ ರೂಲ್ ಯಾಕ ತಂದ್ರು?

ಆಗಿನ ಕಾಲಕ್ಕ ಅದು ವಿಚಿತ್ರ ಇರಲಿಲ್ಲ. 1965ಕ್ಕ ಮೊದ್ಲ ಯುರೋಪಿನ್ಯಾಗ ಏನಿತ್ತಪಾ ಅಂದ್ರ ಎರಡು ಮ್ಯಾಚಿನ್ಯಾಗ ಸಮ ಆದ್ರ ಮೂರನೇ ಊರಾಗ ಮೂರನೇ ಮ್ಯಾಚ್, ಅಲ್ಲೂ ಸಮ ಆದ್ರ ಟಾಸ್. ಖರೇನ, ಟಾಸ್. 1965ರಾಗ ಲಿವರ್‌ಪೂಲ್ ಮತ್ತ ಜರ್ಮನಿಯ ಕಲೋನ್ ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್ ಆಡಿದ್ರು, 0-0, ಮತ್ತೊಮ್ಮೆ 0-0, ರಾಟರ್‌ಡ್ಯಾಮಿನ್ಯಾಗ ಮೂರನೇದು 2-2. ಎಕ್ಸ್‌ಟ್ರಾ ಟೈಮ್ ಹಿಡದು ಒಟ್ಟ 300 ಮಿನಿಟ್ ಆಡಿದ ಮ್ಯಾಲ ರೆಫ್ರಿ ಟಾಸ್ ಬಿಲ್ಲೆ ಮ್ಯಾಲ ಹಾರಿಸಿದ್ರ ಅದು ಕೆಸರಾಗ ಅಡ್ಡ ನೆಟ್ಟಗ ನಿಂತಬಿಡ್ತು! ಎರಡನೇ ಸಲ ಹಾರಿಸಿದಾಗ ಲಿವರ್‌ಪೂಲ್ ಗೆದ್ದತು. ನೀವು ಕಲೋನ್ ಟೀಮಿನ್ಯಾಗ ಇದ್ದಿದ್ರ ಏನ್ ಅನ್ನಿಸ್ತಿತ್ತು ಹೇಳ್ರಿ.

ಮೂರನೇ ಮ್ಯಾಚ್ ಅಂದ್ರ ಖರ್ಚು, ಟೈಮು, ಆಟಗಾರ್ರ ಕಾಲು ಎಲ್ಲಾ ಸವೀತಾವ. ಪೆನಾಲ್ಟಿ ಶೂಟೌಟ್ ಅನ್ನೋದು ರೂಲ್ ಬುಕ್ಕಿನ್ಯಾಗ ಬಂದಿದ್ದ 1970ರಾಗ. ಅದಕ್ಕ ಯುರೋಪಿನ ಫುಟ್‌ಬಾಲ್ ನಡಸೋ ಯುಇಎಫ್ಎದವ್ರು 1965-66ರ ಕಪ್ ವಿನರ್ಸ್ ಕಪ್ಪಿನ್ಯಾಗ ಈ ಅವೇ ಗೋಲ್ ರೂಲ್ ಹಚ್ಚಿ ನೋಡಿದ್ರು, ಬುಡಾಪೆಸ್ಟಿನ ಹೊನ್ವೆಡ್ ಟೀಮು ಡುಕ್ಲಾ ಪ್ರಾಗ್ ಮ್ಯಾಲ ಇದರ ಬಲದಿಂದ ಮೊದಲ ಸಲ ಪಾಸ್ ಆತು, ಮುಂದ ಬಾಕಿ ಕಪ್ಪಿಗೂ ಬಂತು.

ಇನ್ನೊಂದು ಕಾರಣ ಅಂದ್ರ ಆಗ ಪರದೇಶಕ್ಕ ಹೋಗಿ ಆಡೋದ ಒಂದು ಸಂಕಟ. ದೊಡ್ಡ ಪ್ರಯಾಣ, ಗುರುತಿಲ್ಲದ ಊಟ, ಒಂದೊಂದು ಊರಾಗ ಒಂದೊಂದು ಅಳತಿ ಮೈದಾನ, ಕ್ಯಾಮೆರಾ ಇಲ್ಲದ ರೆಫ್ರಿ, ಮ್ಯಾಲಿಂದ ಊರ ಮಂದಿ ಕೂಗಾಟ. ತನ್ನ ಓಣಿಯಾಗ ನಾಯಿನೂ ಹುಲಿ ಅಂತಾರಲ್ಲ, ಹಂಗ. ಹೋದವ್ರು ಎಲ್ಲಾರೂ ಹಿಂದ ಸರದು ಗೋಲ್ ಮುಂದ ಗ್ವಾಡಿ ಕಟ್ಟಿದಂಗ ನಿಲ್ಲತಿದ್ರು. ಅವ್ರು ಸ್ವಲ್ಪರೆ ಮುಂದ ಬಂದು ಆಡ್ಲಿ ಅಂತ ಈ ಆಸಿ ತೋರಿಸಿದ್ರು.

ಹಂಗಾರ ಒಳ್ಳೇ ರೂಲ್ ಇತ್ತಲ್ರಿ, ತಗದಿದ್ಯಾಕ?

ಔಷಧ ಒಳ್ಳೇದ ಇತ್ತು, ಆದ್ರ ರೋಗ ಕಡಿಮಿ ಆದ ಮ್ಯಾಲೂ ಕುಡಿಸ್ಕೋತ ಹೋದ್ರು. ಯುಇಎಫ್ಎ 2021ರ ಜೂನ್ 24ಕ್ಕ ತಗೀತೀವಿ ಅಂತ ಹೇಳಿದಾಗ ಅವ್ರ ಕೊಟ್ಟ ಲೆಕ್ಕ ನೋಡ್ರಿ: 1970ರ ದಶಕದ ನಡುವಿನ್ಯಾಗ ಮನಿ ಟೀಮು 61% ಮ್ಯಾಚ್ ಗೆಲ್ಲತಿತ್ತು, ಹೊರಗಿಂದ ಬಂದ ಟೀಮು 19%. 2021ರ ಹೊತ್ತಿಗೆ ಅದು 47% ಮತ್ತ 30% ಕ್ಕ ಬಂದಿತ್ತು. ಮನಿ ಟೀಮಿನ ಗೋಲು ಸರಾಸರಿ ಮ್ಯಾಚಿಗೆ 2.02 ಇದ್ದಿದ್ದು 1.58 ಆತು, ಹೊರಗಿನವ್ರದು 0.95ರಿಂದ 1.15 ಆತು. ವಿಮಾನ ಬಂದಾವ, ಮೈದಾನ ಎಲ್ಲಾ ಕಡೆ ಒಂದ ನಮೂನಿ, ವಿಡಿಯೋ ನೋಡಿ ರೆಫ್ರಿ ತಪ್ಪು ತಿದ್ದೋ ವಿಎಆರ್ ಬಂದೈತಿ, ರೆಫ್ರಿನ್ನ ಹೆದರ್ಸೋದು ನಡಿಯಂಗಿಲ್ಲ.

ಅದಕ್ಕಿಂತ ದೊಡ್ಡದು ಏನಂದ್ರ ರೂಲ್ ಉಲ್ಟಾ ಹೊಡಿಯಾಕ ಹತ್ತಿತ್ತು. ಹೋದವ್ರು ಧೈರ್ಯ ಮಾಡ್ಲಿ ಅಂತ ತಂದ್ರ ಮನ್ಯಾಗ ಇದ್ದವ್ರು ಹೆದರಾಕ ಶುರು ಮಾಡಿದ್ರು. ಮೊದಲ ಲೆಗ್ಗಿನ್ಯಾಗ ನಮ್ಮ ಮನ್ಯಾಗ 0-0 ಆದ್ರ ಖುಷಿ, ಯಾಕಂದ್ರ ಅಲ್ಲಿ ಹೋಗಿ 1-1 ಮಾಡಿದ್ರ ಸಾಕು. ಅದ ಮನ್ಯಾಗ 1-1 ಆದ್ರ ಮುಖ ಸಣ್ಣ ಆಕ್ಕಿತ್ತು. ಎರಡೂ ಡ್ರಾನ ಅಲ್ಲೇನ್ರಿ? ಆದ್ರ ಗೋಲು ಹೊಡದ ಡ್ರಾ ಕೆಟ್ಟದ್ದು, ಗೋಲಿಲ್ಲದ ಡ್ರಾ ಒಳ್ಳೇದು! 40,000 ಮಂದಿ ರೊಕ್ಕಾ ಕೊಟ್ಟು ಬಂದು ಕುಂತಿರ್ತಾರ, ಅವ್ರ ಟೀಮು ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು ಅಂತ ಬಾಲ್ ಹಿಂದ ಹಿಂದ ಪಾಸ್ ಮಾಡ್ಕೋತ ಇರ್ತೈತಿ. ಯುಇಎಫ್ಎ ಅಧ್ಯಕ್ಷ ಚೆಫೆರಿನ್ ಹೇಳಿದ್ದೂ ಅದನ್ನ, ರೂಲ್ ಯಾವುದಕ್ಕ ತಂದಿದ್ವೋ ಅದರ ವಿರುದ್ಧ ನಡದೈತಿ ಅಂತ.

ಆದ್ರ ಥ್ರಿಲ್ ಹೋತಲ್ರಿ! ಬಾರ್ಸಿಲೋನಾ-ಪಿಎಸ್‌ಜಿ ನೆನಪಿಲ್ಲೇನು?

ಯಾಕ ಇಲ್ಲ, ಬೆಳಿಗ್ಗೆ ಡ್ಯೂಟಿ ಇಟ್ಟುಕೊಂಡು ರಾತ್ರಿಯೆಲ್ಲಾ ನೋಡೀನಿ. 2017, ಪ್ಯಾರಿಸಿನ್ಯಾಗ 0-4 ಸೋತು ಬಂದಿತ್ತು ಬಾರ್ಸಾ. ಮನ್ಯಾಗ 3-0 ಆದಾಗ ಎಲ್ಲಾರೂ ಎದ್ದು ನಿಂತಿದ್ವಿ, 62ನೇ ಮಿನಿಟಿಗೆ ಪಿಎಸ್‌ಜಿಯ ಕವಾನಿ ಒಂದು ಹೊಡದ, ಕುಂತ್ವಿ. ಯಾಕಂದ್ರ ಆ ಒಂದು ಗೋಲಿನಿಂದ ಬಾರ್ಸಾಗ 5 ಗೋಲು ಸಾಲಂಗಿಲ್ಲ, 6 ಬೇಕು. 88ನೇ ಮಿನಿಟಿನ ಮಟ 3-1. ನೆಯ್ಮಾರ್ ಎರಡು, 95ಕ್ಕ ಸೆರ್ಜಿ ರೊಬೆರ್ಟೊ, 6-1. ನಮ್ಮ ಅಪ್ಪಾರು ಎದ್ದು ಬಂದು ಯಾರರೆ ಕಳ್ಳರು ಬಂದಾರೇನು ಅಂತ ಕೇಳಿದ್ರು.

2009ರಾಗ ಚೆಲ್ಸಿ ಮ್ಯಾಲ ಬಾರ್ಸಾದ ಇನಿಯೆಸ್ಟಾ 93ನೇ ಮಿನಿಟಿಗೆ ಹೊಡದಿದ್ದು, 2019ರಾಗ ಅಯಾಕ್ಸ್ ಮ್ಯಾಲ ಟಾಟನ್‌ಹ್ಯಾಮಿನ ಲೂಕಾಸ್ ಮೌರಾ 96ನೇ ಮಿನಿಟಿಗೆ ಹೊಡದ ಮೂರನೇ ಗೋಲು, ಎಲ್ಲಾ ಈ ರೂಲಿನ ಮಕ್ಕಳ. ಒಂದ ಗೋಲಿಗೆ ಹೊರಗ ಇದ್ದವ ಒಳಗ, ಒಳಗ ಇದ್ದವ ಹೊರಗ. ಆ ಮಜಾ ಇತ್ತು ಅನ್ನೋದನ್ನ ನಾ ಇಲ್ಲ ಅನ್ನಂಗಿಲ್ಲ.

ಆದ್ರ ಕವಾನಿ ಗೋಲಿನ ಮ್ಯಾಲ ಆ ಸ್ಟೇಡಿಯಮ್ಮಿನ್ಯಾಗ ಎಷ್ಟೊತ್ತು ಸುಡುಗಾಡಿನಂಗ ಸುಮ್ನ ಇತ್ತು ಅನ್ನೋದು ನೆನಪು ಮಾಡ್ಕೋರಿ. ಬಾರ್ಸಾ ಮಾಡಿದ್ದು ಪವಾಡ. ಪವಾಡ ಆಗಲಾರದ ಬಾಕಿ ಮ್ಯಾಚ್ ಯಾರೂ ನೆನಪಿಟ್ಟಿಲ್ಲ, ಒಂದು ಅವೇ ಗೋಲು ಬಿದ್ದು ಅಲ್ಲೇ ಜೀವ ಹೋದ ಮ್ಯಾಚು ಎಷ್ಟೋ ಅದಾವು.

ನಿಮಗ ಈ ರೂಲ್ ಮ್ಯಾಲ ಇಷ್ಟು ಸಿಟ್ಟು ಯಾಕ? ಏನರೆ ಸ್ವಂತ ವಿಷಯ ಐತೇನು?

ಐತಿ, ಮುಚ್ಚಿ ಇಡೋದೇನು. ಭಾಳ ವರ್ಷದ ಹಿಂದ ಇಲ್ಲೇ ಒಂದು ಓಣಿ ಟೂರ್ನಮೆಂಟು, ಹೆಸರು ಬ್ಯಾಡ. ಸೆಮಿಫೈನಲ್ ಎರಡು ಲೆಗ್ ಮಾಡ್ತೀವಿ ಅಂದ್ರು, ಟಿವ್ಯಾಗ ನೋಡಿದ ಹುರುಪು. ಆದ್ರ ಮೈದಾನ ಇದ್ದಿದ್ದು ಒಂದ! ಶನಿವಾರ ನೀವು ಹೋಮ್, ಐತವಾರ ಅವ್ರು ಹೋಮ್ ಅಂತ ಚೀಟಿ ಎತ್ತಿ ಬರದ್ರು. ಶನಿವಾರ 1-1, ಐತವಾರ ಮಳಿಯಾಗ 0-0. ನಾವು ಪೆನಾಲ್ಟಿಗೆ ಅಂತ ಬೂಟಿನ ಕೆಸರು ಕೆರಕೋತ ನಿಂತೀವಿ, ಕಮಿಟಿಯವ್ರು ಮೈಕಿನ್ಯಾಗ ಎದುರಿನ ಟೀಮು ಅವೇ ಗೋಲಿನ ಮ್ಯಾಲ ಫೈನಲ್ಲಿಗೆ ಅಂತ ಹೇಳಿಬಿಟ್ರು. ಅದ ಮೈದಾನ, ಅದ ಕಲ್ಲು, ಅದ ಬಾಗಿದ ಗೋಲ್ ಪೋಸ್ಟ್, ಎರಡೂ ಟೀಮಿನವ್ರು ಸೈಕಲ್ ಮ್ಯಾಲ ಹತ್ತು ಮಿನಿಟಿನ್ಯಾಗ ಬಂದವ್ರು, ಅದ್ರಾಗ ಅವೇ ಯಾವುದ್ರಿ? ಎತ್ತು ಈಯ್ತು ಅಂದ್ರ ಕೊಟ್ಟಿಗಿಗೆ ಕಟ್ಟು ಅಂದಂಗ. ನಮ್ಮ ಗೋಲ್‌ಕೀಪರ್ ಅತ್ತಬಿಟ್ಟ, ಈಗ ಅವ ಎರಡು ಮಕ್ಕಳ ತಂದಿ, ಇನ್ನೂ ಆ ಮಾತು ತಗದ್ರ ಎದ್ದು ಹೋಗ್ತಾನ.

ಹಂಗ ಒಂದ ಮೈದಾನದಾಗ ಅವೇ ಗೋಲ್ ಹಚ್ಚೋದು ನಿಮ್ಮ ಊರಾಗ ಅಷ್ಟ ಅಲ್ಲೇನು?

ನಾನೂ ಹಂಗ ತಿಳಕೊಂಡಿದ್ದೆ. ಆಮ್ಯಾಲ ಗೊತ್ತಾತು ದೊಡ್ಡವ್ರೂ ಅದನ್ನ ಮಾಡ್ಯಾರಂತ. 2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎಸಿ ಮಿಲಾನ್ ಮತ್ತ ಇಂಟರ್. ಎರಡೂ ಟೀಮಿಗೆ ಸ್ಯಾನ್ ಸಿರೊನ ಮನಿ. ಮಿಲಾನ್ ಹೋಮ್ ಅಂದಾಗ 0-0, ಇಂಟರ್ ಹೋಮ್ ಅಂದಾಗ 1-1. ಮಿಲಾನಿನ ಶೆವ್ಚೆಂಕೊ ತನ್ನ ಸ್ವಂತ ಮೈದಾನದಾಗ ಹೊಡದ ಗೋಲು ಹೊರಗಿನ ಗೋಲು ಅಂತ ಲೆಕ್ಕ ಆಗಿ ಮಿಲಾನ್ ಫೈನಲ್ಲಿಗೆ ಹೋತು, ಕಪ್ಪೂ ಗೆದ್ದತು. ಇಂಟರ್ ಒಂದೂ ಮ್ಯಾಚ್ ಸೋಲಲಿಲ್ಲ, ಮನಿ ಬಿಟ್ಟು ಹೊರಗೂ ಹೋಗಲಿಲ್ಲ.

ಕೊರೋನಾದಾಗ ಅಂತೂ ಕೇಳಬ್ಯಾಡ್ರಿ. 2021ರ ಫೆಬ್ರುವರಿಯಾಗ ಬೆನ್ಫಿಕಾ-ಆರ್ಸೆನಲ್ ಮ್ಯಾಚು, ಬೆನ್ಫಿಕಾದ ಮನಿ ಮ್ಯಾಚು ರೋಮಿನ್ಯಾಗ, ಆರ್ಸೆನಲ್ಲಿನ ಮನಿ ಮ್ಯಾಚು ಗ್ರೀಸಿನ್ಯಾಗ. ಸ್ಟೇಡಿಯಮ್ಮಿನ್ಯಾಗ ಪ್ರೇಕ್ಷಕರು ಇಲ್ಲ, ಊರು ಇಬ್ಬರದೂ ಅಲ್ಲ, ಆದ್ರೂ ಅವೇ ಗೋಲ್ ಲೆಕ್ಕ ಇತ್ತು. ಅದ ವರ್ಷ ಜೂನದಾಗ ರೂಲ್ ತಗದ್ರು ಅನ್ನೋದು ನನಗೇನು ಆಶ್ಚರ್ಯ ಅನ್ನಿಸಲಿಲ್ಲ.

ಎಕ್ಸ್‌ಟ್ರಾ ಟೈಮಿನ್ಯಾಗೂ ಅವೇ ಗೋಲ್ ನಡೀತಿತ್ತೇನು?

ಯುರೋಪಿನ್ಯಾಗ ನಡೀತಿತ್ತು, ನನ್ನ ಕೇಳಿದ್ರ ಅದ ಎಲ್ಲಾಕಿಂತ ದೊಡ್ಡ ಅನ್ಯಾಯ. ಲೆಕ್ಕ ಹಾಕ್ರಿ: ಒಂದು ಟೀಮಿಗೆ ಹೊರಗ ಗೋಲು ಹೊಡಿಯಾಕ 90 ಮಿನಿಟು, ಎರಡನೇ ಲೆಗ್ಗಿಗೆ ಹೋದ ಟೀಮಿಗೆ 120. 2021ರಾಗ ಪೋರ್ಟೊ ಜುವೆಂಟಸ್ ಊರು ಟ್ಯೂರಿನ್ನಿಗೆ ಹೋಗಿ 10 ಮಂದಿ ಉಳಕೊಂಡು ಆಡ್ತು, 115ನೇ ಮಿನಿಟಿಗೆ ಸೆರ್ಜಿಯೊ ಒಲಿವೇರಾ ಫ್ರೀ ಕಿಕ್ಕಿನ್ಯಾಗ ಗೋಲು ಹೊಡದ, ಎರಡು ಮಿನಿಟಿಗೆ ಜುವೆಂಟಸ್ ತಿರಿಗಿ ಹೊಡೀತು, ಒಟ್ಟ 4-4, ಹೊರಗಿನ ಗೋಲಿನ ಲೆಕ್ಕದಾಗ ಪೋರ್ಟೊ ಪಾಸ್. ಪೋರ್ಟೊ ಹುಡುಗೂರು ಜೀವ ಕೊಟ್ಟು ಆಡಿದ್ರು, ಅದಕ್ಕ ಸಲಾಮು. ಆದ್ರ ರೂಲಿಗೆ ಸಲಾಮು ಇಲ್ಲ.

ಇದ ರೂಲು ರೆಫ್ರಿಗೂ ತಲಿ ಕೆಡಸಿತ್ತು. 1971ರಾಗ ಗ್ಲಾಸ್ಗೊ ರೇಂಜರ್ಸ್ ಲಿಸ್ಬನ್ನಿಗೆ ಹೋಗಿ ಸ್ಪೋರ್ಟಿಂಗ್ ಮ್ಯಾಲ ಎಕ್ಸ್‌ಟ್ರಾ ಟೈಮ್ ಹಿಡದು 3-4 ಸೋತ್ರು, ಮನ್ಯಾಗ 3-2 ಗೆದ್ದಿದ್ರು, ಒಟ್ಟ 6-6. ರೆಫ್ರಿ ಪೆನಾಲ್ಟಿ ಹೊಡಸಿದ, ಸ್ಪೋರ್ಟಿಂಗ್ ಗೆದ್ದು ಕುಣದಾಡ್ತು. ಆಮ್ಯಾಲ ರೂಲ್ ಬುಕ್ ತಗದು ನೋಡಿದ್ರ ಎಕ್ಸ್‌ಟ್ರಾ ಟೈಮಿನ ಗೋಲೂ ಅವೇ ಗೋಲ್ ಲೆಕ್ಕಕ್ಕ ಬರ್ತಿತ್ತು, ಪೆನಾಲ್ಟಿನ ಬೇಕಾಗಿರಲಿಲ್ಲ. ಹೊರಗಿನ ಗೋಲು ರೇಂಜರ್ಸದು 3, ಸ್ಪೋರ್ಟಿಂಗದು 2. ಕುಣದವ್ರು ಮನಿಗೆ, ಅತ್ತವ್ರು ಮುಂದಕ್ಕ. ಮುಂದಿನ ವರ್ಷ ಕಪ್ಪೂ ರೇಂಜರ್ಸ್‌ದ ಆತು.

ರೂಲ್ ತಗದ ಮ್ಯಾಲ ಖರೇನ ಏನರೆ ಫರಕು ಬಿದ್ದೈತೇನು?

ಅಟ್ಲೆಟಿಕೊ ಮ್ಯಾಡ್ರಿಡ್ ಅಭಿಮಾನಿನ್ನ ಕೇಳ್ರಿ, ಹಾಲೂ ಕುಡದಾನ ವಿಷಾನೂ ಕುಡದಾನ. 2024ರಾಗ ಇಂಟರ್ ಮನ್ಯಾಗ 0-1 ಸೋತು ತಮ್ಮ ಮನ್ಯಾಗ 2-1 ಗೆದ್ರು, ಹಳೇ ರೂಲ್ ಇದ್ದಿದ್ರ ಇಂಟರ್ ಪಾಸ್, ಈಗ ಪೆನಾಲ್ಟಿಯಾಗ ಅಟ್ಲೆಟಿಕೊ ಪಾಸ್. ಮರುವರ್ಷ, 2025ರ ಮಾರ್ಚ್, ರಿಯಲ್ ಮ್ಯಾಡ್ರಿಡ್ ಮನ್ಯಾಗ 1-2 ಸೋತು ತಮ್ಮ ಮನ್ಯಾಗ 1-0 ಗೆದ್ರು. ಹಳೇ ರೂಲ್ ಇದ್ದಿದ್ರ ಅಟ್ಲೆಟಿಕೊ ಪಾಸ್. ಈಗ ಪೆನಾಲ್ಟಿ, ಅದ್ರಾಗ ಅಟ್ಲೆಟಿಕೊದ ಹುಲಿಯನ್ ಆಲ್ವರೆಜ್ ಜಾರಿ ಬಾಲಿಗೆ ಎರಡು ಸಲ ಕಾಲು ತಾಗಿತು ಅಂತ ಗೋಲು ಕ್ಯಾನ್ಸಲ್, ರಿಯಲ್ ಪಾಸ್. ಒಂದು ವರ್ಷ ಕೊಟ್ಟಿದ್ದನ್ನ ಮುಂದಿನ ವರ್ಷ ಬಡ್ಡಿ ಸಮೇತ ಕಸಗೊಂಡ್ರು.

ನಮ್ಮ ಕಡೆದ್ದೂ ಒಂದೈತಿ, ಇದನ್ನ ಹೇಳಿದ್ರ ಬೆಂಗಳೂರು ಎಫ್‌ಸಿ ಹುಡುಗೂರು ಸುಮ್ನ ಆಕ್ಕಾರ. 2023ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್. ಮುಂಬೈಯಾಗ ಚೆಟ್ರಿ ಗೋಲಿನಿಂದ 1-0 ಗೆದ್ವಿ, ಕಂಠೀರವದಾಗ 1-2 ಸೋತ್ವಿ, ಒಟ್ಟ 2-2. ಪೆನಾಲ್ಟಿ 9-8, ನಮ್ಮ ಜಿಂಗನ್ ಕಡೀದು ಹೊಡದ, ನಾವು ಇಲ್ಲಿ ಚನ್ನಮ್ಮ ಸರ್ಕಲ್ ಮಟ ಗಾಡಿ ಹಾರ್ನ್ ಹೊಡ್ಕೋತ ಹೋದ್ವಿ. ಈಗ ಹೊರಗಿನ ಗೋಲು ಎಣಸ್ರಿ: ನಮ್ಮದು ಒಂದು, ಮುಂಬೈದು ಎರಡು. ಅವೇ ಗೋಲ್ ಇದ್ದಿದ್ರ ಮುಂಬೈ ಫೈನಲ್ಲಿಗೆ. ಅದಾದ ಮ್ಯಾಲ ಫೈನಲ್ಲಿನ್ಯಾಗ ಮೋಹನ್ ಬಗಾನ್ ಮ್ಯಾಲ ಪೆನಾಲ್ಟಿಯಾಗ ಸೋತಿದ್ದು ಬ್ಯಾರೆ ದುಃಖ, ಗೋವಾದ ಫತೋರ್ಡಾಕ್ಕ ಘಟ್ಟ ಇಳದು ಹೋಗಿ ಸೋಲು ನೋಡ್ಕೊಂಡು ಬಂದ ದೋಸ್ತರು ನನಗ ಅದಾರ, ಅವ್ರ ಮುಂದ ಆ ಮಾತು ಬ್ಯಾಡ.

ಒಂದು ಮಾತು ಮಾತ್ರ ಖರೇ ಹೇಳಬೇಕು. ಹಿಂಗ ಹಳೇ ರೂಲ್ ತಂದು ಹೊಸ ಸ್ಕೋರಿಗೆ ಹಚ್ಚೋದು ಪೂರಾ ಬರೋಬ್ಬರಿ ಅಲ್ಲ. ಅವೇ ಗೋಲ್ ಐತಿ ಅಂತ ಗೊತ್ತಿದ್ರ ಮುಂಬೈ 2-1 ಆದ ಮ್ಯಾಲ ಬೆಂಗಳೂರು ಸುಮ್ನ ಪೆನಾಲ್ಟಿ ಹಾದಿ ಕಾಯ್ತಿರಲಿಲ್ಲ, ಎಲ್ಲಾರ್ನೂ ಮುಂದ ಬಿಡ್ತಿತ್ತು, ಮ್ಯಾಚ ಬ್ಯಾರೆ ಆಕ್ಕಿತ್ತು. ರೂಲ್ ಬದಲಾದ್ರ ಆಟಾನೂ ಬದಲಾಕ್ಕೈತಿ, ಸ್ಕೋರ್ ಅಷ್ಟ ಅಲ್ಲ. ಚಹಾದ ಅಂಗಡ್ಯಾಗ ಇದನ್ನ ಯಾರೂ ಒಪ್ಪಂಗಿಲ್ಲ.

ಈಗ ಜಗತ್ತಿನ್ಯಾಗ ಎಲ್ಲೂ ಇಲ್ಲೇನು ಈ ರೂಲ್?

ಐತಿ. ದಕ್ಷಿಣ ಅಮೆರಿಕಾದವ್ರು 2022ರಿಂದ ತಗದ್ರು, ಏಷ್ಯಾದ ಕ್ಲಬ್ ಕಪ್ಪಿನ್ಯಾಗ 2023-24ರಿಂದ ತಗದ್ರು. ಆಫ್ರಿಕಾದಾಗ ಇಟ್ಕೊಂಡಾರ: 2025ರ ಏಪ್ರಿಲದಾಗ ದಕ್ಷಿಣ ಆಫ್ರಿಕಾದ ಮಾಮೆಲೊಡಿ ಸನ್‌ಡೌನ್ಸ್ ಮನ್ಯಾಗ 0-0, ಕೈರೊಕ್ಕ ಹೋಗಿ ಅಲ್ ಅಹ್ಲಿ ಮ್ಯಾಲ 1-1 ಮಾಡಿ ಫೈನಲ್ಲಿಗೆ ಹೋತು, ಅದೂ 90ನೇ ಮಿನಿಟಿಗೆ ಅಲ್ ಅಹ್ಲಿಯವ್ನ ತನ್ನ ಗೋಲಿಗೆ ತಾನ ಹೊಡಕೊಂಡು.

ಆಫ್ರಿಕಾದಾಗ ಇರ್ಲಿ ಅಂತ ವಾದ ಮಾಡೋರಿಗೆ ನಾ ಅಷ್ಟು ಜೋರಾಗಿ ಬೈಯಂಗಿಲ್ಲ. ಕೇಪ್ ಟೌನಿನಿಂದ ಕೈರೊ ಅಂದ್ರ ಒಂದು ಖಂಡದ ಈ ತುದಿಯಿಂದ ಆ ತುದಿ, ಹವಾ ಬ್ಯಾರೆ, ಪ್ರಯಾಣ ಭಾರಿ. ರೂಲ್ ಹುಟ್ಟಿದ ಕಾರಣ ಅಲ್ಲಿ ಇನ್ನೂ ಸ್ವಲ್ಪ ಜೀವ ಹಿಡಕೊಂಡೈತಿ.

ಅವೇ ಗೋಲ್ ಹೋತು, ಈಗ ಎಲ್ಲಾ ಸರಿ ಆತಲ್ಲ?

ಎಲ್ಲಿ ಸರಿ ಆತ್ರಿ. ಈಗ ಇನ್ನೊಂದು ಕಡೆ ತಕ್ಕಡಿ ವಾಲೈತಿ. ಎಕ್ಸ್‌ಟ್ರಾ ಟೈಮ್ ಯಾವಾಗಲೂ ಎರಡನೇ ಲೆಗ್ಗಿನ ಊರಾಗ. ಅಂದ್ರ ಆ ಟೀಮಿಗೆ ಮನ್ಯಾಗ 120 ಮಿನಿಟು, ಎದುರಿನವ್ರಿಗೆ 90. ಪೆನಾಲ್ಟಿನೂ ಅವ್ರ ಮಂದಿ ಮುಂದ. ಮೊದ್ಲ ಹೊರಗಿಂದ ಬಂದವ್ರಿಗೆ ಅದಕ್ಕ ಬದಲಿ ಅವೇ ಗೋಲರೆ ಇತ್ತು, ಈಗ ಅದೂ ಇಲ್ಲ. ಅವೇ ಗೋಲ್ ವಾಪಸ್ ತರ್ರಿ ಅನ್ನೋರ ಕಡೆ ಇರೋ ಒಂದ ಒಂದು ಗಟ್ಟಿ ವಾದ ಇದು.

ನನ್ನ ಉತ್ತರ ಅವೇ ಗೋಲ್ ತರೋದು ಅಲ್ಲ, ಎಕ್ಸ್‌ಟ್ರಾ ಟೈಮ್ ತಗಿಯೋದು. ದಕ್ಷಿಣ ಅಮೆರಿಕಾದ ಕೋಪಾ ಲಿಬರ್ಟಡೋರಿಸಿನ್ಯಾಗ ಹಂಗ ಮಾಡ್ತಾರ, ಫೈನಲ್ ಬಿಟ್ಟು ಬಾಕಿ ನಾಕೌಟಿನ್ಯಾಗ 180 ಮಿನಿಟಿಗೆ ಸಮ ಆದ್ರ ನೆಟ್ಟಗ ಪೆನಾಲ್ಟಿ. ಇಬ್ಬರಿಗೂ ಮನ್ಯಾಗ 90, ಹೊರಗ 90. ವಾರಕ್ಕ ಎರಡು ಮ್ಯಾಚ್ ಆಡೋ ಹುಡುಗೂರ ಕಾಲಿಗೂ ಅರ್ಧ ತಾಸು ಉಳೀತೈತಿ, ಇಲ್ಲಿ ಬೆಳಗಿನ ಜಾವಕ್ಕ ಮಲಗೋ ನಮಗೂ ಉಳೀತೈತಿ. ಪೆನಾಲ್ಟಿ ಅಂದ್ರ ಲಾಟರಿ ಅಂತ ಒದರೋರು ಇರ್ತಾರ, ಆದ್ರ ಅದು ಲಾಟರಿ ಆಗಿದ್ರ ಯಾರೂ ಅದನ್ನ ಪ್ರಾಕ್ಟೀಸ್ ಮಾಡ್ತಿರಲಿಲ್ಲ.

ಎರಡು ಲೆಗ್ ಯಾಕ ಬೇಕು, ಒಂದ ಮ್ಯಾಚ್ ಇಟ್ರ ಜಗಳಾನ ಇಲ್ಲಲ್ಲ?

ಟಿಕೆಟ್ ರೊಕ್ಕಾ, ಟಿವಿ ರೊಕ್ಕಾ. ಇನ್ನೇನು ಹೇಳೂದೈತಿ.

ನಮ್ಮ ಓಣಿ ಟೂರ್ನಮೆಂಟಿಗೆ ಯಾವ ರೂಲ್ ಇಡೋಣ?

ಮೈದಾನ ಒಂದ ಇದ್ರ ಎರಡು ಲೆಗ್ಗಿನ ಉಸಾಬರಿ ಬ್ಯಾಡ. ಒಂದ ಮ್ಯಾಚ್, ಸಮ ಆದ್ರ ಐದೈದು ಪೆನಾಲ್ಟಿ. ಎರಡು ಊರಿನ ಟೀಮು, ಎರಡು ಮೈದಾನ ಐತಿ, ಎರಡು ಲೆಗ್ ಆಡ್ಸೋದ ಖರೇ ಅಂದ್ರ ಎರಡರ ಗೋಲು ಕೂಡಸ್ರಿ, ಸಮ ಆದ್ರ ಎಕ್ಸ್‌ಟ್ರಾ ಟೈಮ್ ಇಲ್ಲದ ಪೆನಾಲ್ಟಿ. ಇದನ್ನ ಒಂದು ಹಾಳಿ ಮ್ಯಾಲ ಬರದು ಮೊದಲ ಮ್ಯಾಚಿಗಿಂತ ಮೊದ್ಲ ಎರಡೂ ಕ್ಯಾಪ್ಟನ್ ಸಹಿ ತಗೋರಿ, ಮೈಕಿನ್ಯಾಗ ಹೇಳಿದ್ದು ಗಾಳಿಗೆ ಹೋಕ್ಕೈತಿ.

ಮತ್ತ ಜುಲೈ ತಿಂಗಳದಾಗ ಇಡೋದಿದ್ರ ಪೆನಾಲ್ಟಿ ಯಾವ ಕಡೆ ಗೋಲಿಗೆ ಹೊಡಿಯೋದು ಅನ್ನೋದನ್ನೂ ಮೊದ್ಲ ನೋಡಿ ಇಡ್ರಿ. ನಮ್ಮ ಮೈದಾನದಾಗ ಹುಣಸಿ ಗಿಡದ ಕಡೀ ಗೋಲಿನ ಮುಂದ ಮೊಣಕಾಲ ಮಟ ನೀರು ನಿಂತಿರ್ತೈತಿ, ಬಾಲ್ ಇಟ್ರ ತೇಲಿ ಹೋಕ್ಕೈತಿ, ರಸ್ತಾದ ಕಡೀದ ಗಟ್ಟಿ. ಟಾಸ್ ಹಾಕೋದಿದ್ರೂ ಅಲ್ಲೇ ಹಾಕ್ರಿ.